ಎರಡು ಟ್ಯಾಗ್ ಹಾಕಿದೆ, ಇಂಟರ್‌ಫೇಸ್ ಅಪ್ ಇದೆ, ಆದರೆ ಎಆರ್‌ಪಿಯೇ ಬರುತ್ತಿಲ್ಲ

ರಾತ್ರಿಪಾಳಿ

ಎಲ್ಲರಿಗೂ ನಮಸ್ಕಾರ. ಮೂರು ರಾತ್ರಿಯಿಂದ ಒಂದೇ ಲಿಂಕ್ ಹಿಡಿದುಕೊಂಡು ಕೂತಿದ್ದೇನೆ, ಯಾರಾದರೂ ದಾರಿ ತೋರಿಸಿ.

ನಮ್ಮ ಕಡೆ ಸಿಸ್ಕೋ ಐಒಎಸ್ ಎಕ್ಸ್‌ಆರ್ ರೌಟರ್. ಆ ತುದಿಯಲ್ಲಿ ಇನ್ನೊಂದು ತಂಡದ ಜುನಿಪರ್ ಎಂಎಕ್ಸ್. ನಡುವೆ ಒಂದು ಅಗ್ರಿಗೇಶನ್ ಸ್ವಿಚ್. ಅದರ ಎರಡೂ ಪೋರ್ಟ್ ಟ್ರಂಕ್ (ಹಲವು ವಿಲ್ಯಾನ್, ಅಂದರೆ ವರ್ಚುವಲ್ ಜಾಲ, ಒಟ್ಟಿಗೆ ಹೊರುವಂಥದ್ದು), ನನಗೆ ಅಲ್ಲಿ ನೋಡುವ ಅನುಮತಿ ಮಾತ್ರ ಇದೆ. ಹೊರಗಿನ ಟ್ಯಾಗ್ (ಫ್ರೇಮ್ ಯಾವ ವಿಲ್ಯಾನ್‌ನದು ಅಂತ ಹೇಳುವ ಗುರುತು) 300, ಒಳಗಿನದು 45 ಅಂತ ಮಾತಾಗಿದೆ. ನನ್ನ ಕಾನ್ಫಿಗ್:

ಇಂಟರ್‌ಫೇಸ್ ಟೆನ್‌ಗಿಗ್‌ಇ 0/0/0/3.30045
ಐಪಿವಿ4 ಅಡ್ರೆಸ್ 192.0.2.1/30
ಎನ್‌ಕ್ಯಾಪ್ಸುಲೇಶನ್ ಡಾಟ್1ಕ್ಯೂ 300 ಸೆಕೆಂಡ್-ಡಾಟ್1ಕ್ಯೂ 45

(ಓದಲು ಅನುಕೂಲವಾಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ. ರೌಟರ್‌ಗೆ ಹೀಗೆ ಬರೆದರೆ ಅದು ಬೈಯುತ್ತದೆ.)

ಸಬ್‌ಇಂಟರ್‌ಫೇಸ್ ಅಪ್/ಅಪ್. ಪಿಂಗ್ ಇಲ್ಲ, ಎಆರ್‌ಪಿ ಟೇಬಲ್‌ನಲ್ಲಿ (ಯಾವ ಐಪಿಗೆ ಯಾವ ಮ್ಯಾಕ್ ವಿಳಾಸ ಅನ್ನುವ ಪಟ್ಟಿ) ಆ ಕಡೆಯ ಮ್ಯಾಕ್ ಇಲ್ಲ. ಆ ಕಡೆಯವರನ್ನು ಕೇಳಿದರೆ "ನಮ್ಮದೂ ಔಟರ್ 300, ಇನ್ನರ್ 45, ಎಲ್ಲ ಸರಿ ಇದೆ" ಅನ್ನುತ್ತಾರೆ. ಫೈಬರ್ ಬದಲಾಯಿಸಿದ್ದಾಯಿತು, ಆಪ್ಟಿಕ್ ಬದಲಾಯಿಸಿದ್ದಾಯಿತು.

ಹಳೇಸ್ವಿಚ್

ಫೈಬರ್ ಪಾಪ, ಅದನ್ನು ಬಿಟ್ಟುಬಿಡಿ. ಸಬ್‌ಇಂಟರ್‌ಫೇಸ್ ಅಪ್ ಅಂದರೆ ಕೆಳಗಿನ ಫಿಸಿಕಲ್ ಪೋರ್ಟ್ ಅಪ್ ಇದೆ ಅಂತ ಅಷ್ಟೇ. ಟ್ಯಾಗ್ ಹೊಂದುತ್ತಿದೆಯೋ ಇಲ್ಲವೋ ಅನ್ನೋದು ಆ ಎರಡು ಅಕ್ಷರದಿಂದ ಗೊತ್ತಾಗೋದಿಲ್ಲ.

ಮೂರು ವಿಷಯ ಬೇಕು. ಒಂದು, ಮುಖ್ಯ ಇಂಟರ್‌ಫೇಸ್‌ನ ಇನ್‌ಪುಟ್ ಕೌಂಟರ್ ಏರುತ್ತಿದೆಯಾ, ಸಬ್‌ಇಂಟರ್‌ಫೇಸ್‌ನದು ಏರುತ್ತಿದೆಯಾ. ಎರಡು, ಜುನಿಪರ್ ಕಡೆಯ ಕಾನ್ಫಿಗ್, ಬಾಯಿಮಾತಲ್ಲ, ಕಾಪಿ-ಪೇಸ್ಟ್. ಮೂರು, ನಡುವಿನ ಸ್ವಿಚ್‌ನ ಮ್ಯಾಕ್ ಟೇಬಲ್, ಅಂದರೆ ಯಾವ ಮ್ಯಾಕ್ ಯಾವ ವಿಲ್ಯಾನ್‌ನಲ್ಲಿ ಕಾಣುತ್ತಿದೆ ಅಂತ.

ಟ್ರಂಕ್‌ಪೋರ್ಟ್

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಈ ಕೆಲಸಕ್ಕೆ ಸೇರಿ ಆರು ತಿಂಗಳಾಯಿತು. ಎರಡು ಟ್ಯಾಗ್ ಯಾಕೆ ಬೇಕು ಅಂತ ಯಾರೂ ಸರಿಯಾಗಿ ಹೇಳಲಿಲ್ಲ. ಒಂದರಲ್ಲೇ ಕೆಲಸ ಆಗೋದಿಲ್ವಾ?

ಬೈಟ್‌ಲೆಕ್ಕ

ಟ್ರಂಕ್‌ಪೋರ್ಟ್, ಒಂದು ಟ್ಯಾಗ್ ಅಂದರೆ 4 ಬೈಟ್. ಮೊದಲ 2 ಬೈಟ್ "ಇದು ಟ್ಯಾಗ್" ಅಂತ ಸಾರುವ ಗುರುತು, ಟಿಪಿಐಡಿ. ಉಳಿದ 16 ಬಿಟ್‌ನಲ್ಲಿ 3 ಆದ್ಯತೆಗೆ, 1 ಡಿಇಐಗೆ (ದಟ್ಟಣೆಯಾದರೆ ಮೊದಲು ಬಿಸಾಡಬಹುದು ಅನ್ನುವ ಗುರುತು), 12 ವಿಲ್ಯಾನ್ ಸಂಖ್ಯೆಗೆ. 12 ಬಿಟ್‌ಗೆ 4096 ಸಂಖ್ಯೆ. 0 ಮತ್ತು 4095 ಬಳಸುವ ಹಾಗಿಲ್ಲ, ಉಳಿದದ್ದು 4094. ಒಂದು ಕಂಪನಿಯ ಕಚೇರಿಗೆ ಇದು ಧಾರಾಳ. ಆದರೆ ಸಾವಿರಾರು ಗ್ರಾಹಕರನ್ನು ಹೊರುವ ಕ್ಯಾರಿಯರ್‌ಗೆ ಸಾಲದು. ಅದೂ ಅಲ್ಲದೆ ಇಬ್ಬರು ಗ್ರಾಹಕರು ತಮ್ಮ ತಮ್ಮ ಮನೆಯೊಳಗೆ ವಿಲ್ಯಾನ್ 10 ಅಂತಲೇ ಇಟ್ಟುಕೊಂಡಿರುತ್ತಾರೆ. "ನಿಮ್ಮ ಸಂಖ್ಯೆ ಬದಲಾಯಿಸಿ" ಅಂತ ಯಾರಿಗೆ ಹೇಳೋದು?

ಅದಕ್ಕೇ ಗ್ರಾಹಕನ ಟ್ಯಾಗ್ ಇದ್ದ ಹಾಗೇ ಇರಲಿ ಅಂತ ಬಿಟ್ಟು, ಮೇಲೊಂದು ಸೇವಾ ಟ್ಯಾಗ್ ಹೊದಿಸುವುದು. ನಡುವಿನ ಸ್ವಿಚ್‌ಗಳು ಹೊರಗಿನದನ್ನು ಮಾತ್ರ ನೋಡುತ್ತವೆ. ಎರಡೂ ಸೇರಿದರೆ 4094 ಗುಣಿಸು 4094, ಅಂದರೆ 1,67,60,836 ಜೋಡಿ.

ರಾತ್ರಿಪಾಳಿ

ಹಳೇಸ್ವಿಚ್ ಸರ್, ನೀವು ಕೇಳಿದ್ದು ತಂದಿದ್ದೇನೆ.

ಮುಖ್ಯ ಇಂಟರ್‌ಫೇಸ್‌ನ ಇನ್‌ಪುಟ್ ಏರುತ್ತಿದೆ, ಜೊತೆಗೆ ಡ್ರಾಪ್ ಕೂಡ. ಸಬ್‌ಇಂಟರ್‌ಫೇಸ್ ಇನ್‌ಪುಟ್ ಸೊನ್ನೆ, ಅಲುಗಾಡುತ್ತಿಲ್ಲ.

ಜುನಿಪರ್ ಕಡೆ:

ಫ್ಲೆಕ್ಸಿಬಲ್-ವಿಲ್ಯಾನ್-ಟ್ಯಾಗಿಂಗ್
ಯೂನಿಟ್ 45
ವಿಲ್ಯಾನ್-ಟ್ಯಾಗ್ಸ್ ಔಟರ್ 0ಎಕ್ಸ್88ಎ8.300 ಇನ್ನರ್ 45
ಫ್ಯಾಮಿಲಿ ಐನೆಟ್ ಅಡ್ರೆಸ್ 192.0.2.2/30

ಸ್ವಿಚ್‌ನ ಮ್ಯಾಕ್ ಟೇಬಲ್ ವಿಚಿತ್ರವಾಗಿದೆ. ನನ್ನ ರೌಟರ್‌ನ ಮ್ಯಾಕ್ ವಿಲ್ಯಾನ್ 300ರಲ್ಲಿ ಕಾಣುತ್ತದೆ. ಜುನಿಪರ್‌ನ ಮ್ಯಾಕ್ ವಿಲ್ಯಾನ್ 1ರಲ್ಲಿದೆ! ಅವರು ಟ್ಯಾಗ್ ಹಾಕಿಯೇ ಕಳಿಸುತ್ತಿಲ್ಲವಾ ಹಾಗಾದರೆ?

ಹಳೇಸ್ವಿಚ್

ಹಾಕುತ್ತಿದ್ದಾರೆ. ಆದರೆ ನಿಮ್ಮ ಸ್ವಿಚ್‌ಗೆ ಅದು ಟ್ಯಾಗ್ ಅಂತಲೇ ಗೊತ್ತಾಗುತ್ತಿಲ್ಲ.

ಜುನಿಪರ್ ಕಡೆ ಹೊರಗಿನ ಟ್ಯಾಗ್‌ನ ಟಿಪಿಐಡಿ 88ಎ8. ನಿಮ್ಮ ಎಕ್ಸ್‌ಆರ್‌ನಲ್ಲಿ "ಡಾಟ್1ಕ್ಯೂ ... ಸೆಕೆಂಡ್-ಡಾಟ್1ಕ್ಯೂ" ಅಂದರೆ ಹೊರಗಿನದೂ 8100, ಒಳಗಿನದೂ 8100. ಸ್ವಿಚ್‌ಗೆ ಗೊತ್ತಿರುವುದು 8100 ಒಂದೇ. ಗೊತ್ತಿಲ್ಲದ ಗುರುತು ಇರುವ ಫ್ರೇಮ್ ಬಂದರೆ ಅದನ್ನು ಟ್ಯಾಗ್ ಇಲ್ಲದ ಫ್ರೇಮ್ ಅಂತ ತಿಳಿದು ಪೋರ್ಟ್‌ನ ನೇಟಿವ್ ವಿಲ್ಯಾನ್‌ಗೆ ತಳ್ಳುತ್ತದೆ. ಅದೇ ನಿಮ್ಮ ವಿಲ್ಯಾನ್ 1.

ಆ ಫ್ರೇಮ್ ನಿಮ್ಮ ಕಡೆಯ ಟ್ರಂಕ್‌ನಿಂದ ನೇಟಿವ್ ಆಗಿಯೇ ಹೊರಗೆ ಬರುತ್ತದೆ, ಒಳಗಿನ 88ಎ8 ಹಾಗೇ ಇರುತ್ತದೆ. ನಿಮ್ಮ ರೌಟರ್ ಅದನ್ನು ನೋಡಿ "ಇದು ನನ್ನ ಯಾವ ಸಬ್‌ಇಂಟರ್‌ಫೇಸ್‌ಗೂ ಸೇರಿದ್ದಲ್ಲ" ಅಂತ ಎಸೆಯುತ್ತದೆ. ಮುಖ್ಯ ಇಂಟರ್‌ಫೇಸ್‌ನಲ್ಲಿ ಡ್ರಾಪ್, ಸಬ್‌ಇಂಟರ್‌ಫೇಸ್‌ನಲ್ಲಿ ಸೊನ್ನೆ. ನೀವು ಕೊಟ್ಟ ಮೂರೂ ಲಕ್ಷಣಕ್ಕೆ ಇದೊಂದೇ ಉತ್ತರ.

ನಿಯಮಪಾಲಕ

88ಎ8 ತಾನೇ ಸರಿಯಾದದ್ದು. ಐಇಇಇ 802.1ಎಡಿ ಸೇವಾ ಟ್ಯಾಗ್‌ಗೆ ಅದನ್ನೇ ನಿಗದಿ ಮಾಡಿದೆ, ಆಮೇಲೆ ಅದು 802.1ಕ್ಯೂ ಒಳಗೇ ಸೇರಿಹೋಯಿತು. 8100 ಮೇಲೆ 8100 ಹೇರುವುದು, 9100, 9200 ಅಂತ ತಮ್ಮದೇ ಸಂಖ್ಯೆ ಬಳಸುವುದು ಎಲ್ಲ ಆ ಮಾನದಂಡ ಬರುವ ಮುಂಚಿನ ಕಾಲದ ಪಳೆಯುಳಿಕೆ. ಎಕ್ಸ್‌ಆರ್‌ನಲ್ಲಿ "ಎನ್‌ಕ್ಯಾಪ್ಸುಲೇಶನ್ ಡಾಟ್1ಎಡಿ 300 ಡಾಟ್1ಕ್ಯೂ 45" ಅಂತ ಹಾಕಿ, ಮುಗಿಯಿತು.

ರಾತ್ರಿಪಾಳಿ

ಹಾಕಿದೆ. ಪಿಂಗ್ ಬಂತು!!! ನಿಯಮಪಾಲಕ ಸರ್, ನಿಮಗೆ ದೊಡ್ಡ ನಮಸ್ಕಾರ. ಈ ಚರ್ಚೆ ಮುಗಿಸಬಹುದು.

ಬೈಟ್‌ಲೆಕ್ಕ

ತಡೀರಿ ತಡೀರಿ. ಮುಗಿಸಬೇಡಿ. ಸ್ವಿಚ್‌ನ ಮ್ಯಾಕ್ ಟೇಬಲ್ ಇನ್ನೊಮ್ಮೆ ನೋಡಿ ಹೇಳಿ.

ರಾತ್ರಿಪಾಳಿ

ಈಗ ಎರಡೂ ಮ್ಯಾಕ್ ವಿಲ್ಯಾನ್ 1ರಲ್ಲಿವೆ. 300ರಲ್ಲಿ ಏನೂ ಇಲ್ಲ. ಆದರೆ ಪಿಂಗ್ ಬರುತ್ತಿದೆಯಲ್ಲಾ ಮೇಡಂ?

ಬೈಟ್‌ಲೆಕ್ಕ

ಅದೇ ಅಪಾಯ. ಮೊದಲು ಒಬ್ಬರು ತಪ್ಪು ಬಾಗಿಲಿನಿಂದ ಹೋಗುತ್ತಿದ್ದರು, ಈಗ ಇಬ್ಬರೂ ಅದೇ ತಪ್ಪು ಬಾಗಿಲಿನಲ್ಲಿ ಭೇಟಿಯಾಗಿದ್ದೀರಿ. ಸ್ವಿಚ್‌ಗೆ ಈಗಲೂ 88ಎ8 ಗೊತ್ತಿಲ್ಲ. ನಿಮ್ಮ ಟ್ರಾಫಿಕ್ ಅಷ್ಟೂ ವಿಲ್ಯಾನ್ 1ರಲ್ಲಿ, ಟ್ಯಾಗ್ ಇಲ್ಲದ ಕಚ್ಚಾ ಮಾಲಿನ ಹಾಗೆ ಹರಿಯುತ್ತಿದೆ.

ನಾಳೆ ಇದೇ ಸ್ವಿಚ್‌ಗೆ 301 ಅಂತ ಇನ್ನೊಬ್ಬ ಗ್ರಾಹಕ 88ಎ8 ಹಾಕಿಕೊಂಡು ಬಂದರೆ ಅವನೂ ವಿಲ್ಯಾನ್ 1ಕ್ಕೇ ಬೀಳುತ್ತಾನೆ. ಬ್ರಾಡ್‌ಕಾಸ್ಟ್ ಎಲ್ಲ ನೇಟಿವ್ ಪೋರ್ಟ್‌ಗಳಿಗೂ ಹೋಗುತ್ತದೆ. ಸ್ವಿಚ್‌ನವರು ಎಂದಾದರೂ ಟ್ರಂಕ್‌ನಿಂದ ವಿಲ್ಯಾನ್ 1 ತೆಗೆದರೆ, ಅದು ಒಳ್ಳೆಯ ಅಭ್ಯಾಸವೂ ಹೌದು, ಆ ಕ್ಷಣಕ್ಕೆ ನಿಮ್ಮ ಲಿಂಕ್ ಸಾಯುತ್ತದೆ. "ನಾವು 300 ಮುಟ್ಟಲೇ ಇಲ್ಲ" ಅಂತ ಅವರು ಹೇಳುತ್ತಾರೆ, ಅದು ನಿಜವೂ ಆಗಿರುತ್ತದೆ.

ಹಳೇಸ್ವಿಚ್

ಮೇಡಂ ಹೇಳಿದ್ದಕ್ಕೆ ನೂರಕ್ಕೆ ನೂರು ನನ್ನ ಸಹಮತ. ಇಂಥದ್ದೊಂದು ಲಿಂಕ್ ಎರಡು ವರ್ಷ ಹೀಗೇ ನಡೆದದ್ದನ್ನು ನಾನೇ ನೋಡಿದ್ದೇನೆ. ಯಾರಿಗೂ ಗೊತ್ತಿರಲಿಲ್ಲ, ಕಾನ್ಫಿಗ್ ಬರೆದ ನನಗೂ.

ನಿಯಮಪಾಲಕರಿಗೆ: ಮಾನದಂಡ ನಿಮ್ಮ ಪರ, ಒಪ್ಪಿದೆ. ಆದರೆ ಟಿಪಿಐಡಿ ಅನ್ನೋದು ದಾರಿಯಲ್ಲಿರುವ ಎಲ್ಲರೂ ಒಪ್ಪಬೇಕಾದ ಮಾತು. ಸ್ವಿಚ್‌ನ ಪೋರ್ಟ್‌ನಲ್ಲಿ 88ಎ8 ಹಾಕಲು ಬಂದರೆ ಮೂರೂ ಕಡೆ 88ಎ8. ಬಾರದಿದ್ದರೆ ಮೂರೂ ಕಡೆ 8100.

ನಿಯಮಪಾಲಕ

ನಡುವಿನ ಸ್ವಿಚ್ ವಿಷಯ ನಾನು ಮೊದಲೇ ಕೇಳಬೇಕಿತ್ತು, ತಪ್ಪು ನನ್ನದು. ಆದರೂ ಸ್ವಿಚ್ ತಂಡದವರನ್ನು ಒಮ್ಮೆ ಕೇಳಿ. ಬಹಳ ಉಪಕರಣಗಳಲ್ಲಿ ಪೋರ್ಟ್‌ವಾರು ಟಿಪಿಐಡಿ ಬದಲಾಯಿಸಲು ಬರುತ್ತದೆ, ಯಾರೂ ಮುಟ್ಟಿರುವುದಿಲ್ಲ ಅಷ್ಟೇ.

ಪೆಂಗ್ವಿನ್

ಊಹೆ ಮಾಡುವ ಬದಲು ವೈರ್ ಮೇಲೆ ಏನಿದೆ ಅಂತ ನೋಡಿಬಿಡಿ. ಸ್ವಿಚ್‌ನಲ್ಲಿ ಒಂದು ಪೋರ್ಟ್ ಮಿರರ್ ಮಾಡಿಸಿ, ಲಿನಕ್ಸ್ ಡಬ್ಬಿ ಹಚ್ಚಿ, "ಟಿಸಿಪಿಡಂಪ್ -ಇ -ಎನ್" ಓಡಿಸಿ. -ಇ ಹಾಕದಿದ್ದರೆ ಈಥರ್ನೆಟ್ ಹೆಡರ್ ಕಾಣೋದಿಲ್ಲ.

ಇಲ್ಲಿ ಎರಡು ಗುಂಡಿಗಳಿವೆ, ಎರಡಕ್ಕೂ ನಾನು ಬಿದ್ದಿದ್ದೇನೆ. ನೆಟ್‌ವರ್ಕ್ ಕಾರ್ಡ್ ತಾನೇ ಟ್ಯಾಗ್ ಕಿತ್ತು ಬದಿಗಿಡುವ ಆಫ್‌ಲೋಡ್ ಆನ್ ಇದ್ದರೆ ಕ್ಯಾಪ್ಚರ್ ನಿಮ್ಮನ್ನು ದಾರಿ ತಪ್ಪಿಸಬಹುದು. "ಈಥ್‌ಟೂಲ್ -ಕೆ" (ದೊಡ್ಡ ಕೆ) ಬಳಸಿ "ಆರ್‌ಎಕ್ಸ್‌ವಿಲ್ಯಾನ್ ಆಫ್" ಮಾಡಿಕೊಳ್ಳಿ. ಎರಡನೆಯದು ಫಿಲ್ಟರ್. "ವಿಲ್ಯಾನ್" ಅನ್ನುವ ಪದ ಒಮ್ಮೆ ಬಂದರೆ ಅದರ ಮುಂದಿನ ಫಿಲ್ಟರ್ ಪೂರ್ತಿ 4 ಬೈಟ್ ಮುಂದೆ ಸರಿದು ಓದುತ್ತದೆ. ಆದ್ದರಿಂದ "ವಿಲ್ಯಾನ್ 300 ಆ್ಯಂಡ್ ವಿಲ್ಯಾನ್ 45" ಅಂದರೆ ಹೊರಗೆ 300, ಒಳಗೆ 45. ತಿರುಗಿಸಿ ಬರೆದರೆ ಏನೂ ಸಿಗೋದಿಲ್ಲ. "ಹೋಸ್ಟ್" ಷರತ್ತನ್ನು ಇವುಗಳ ನಂತರವೇ ಬರೆಯಬೇಕು.

ಆ ಡಬ್ಬಿಯಿಂದಲೇ ಎರಡು ಟ್ಯಾಗ್‌ನ ಫ್ರೇಮ್ ಕಳಿಸಿಯೂ ನೋಡಬಹುದು. "ಐಪಿ ಲಿಂಕ್ ಆ್ಯಡ್" ಕೊಟ್ಟು ಪ್ರೋಟೋ 802.1ಎಡಿ, ಐಡಿ 300 ಅಂತ ಒಂದು ವಿಲ್ಯಾನ್ ಲಿಂಕ್, ಅದರ ಬೆನ್ನ ಮೇಲೆ ಪ್ರೋಟೋ 802.1ಕ್ಯೂ, ಐಡಿ 45 ಅಂತ ಇನ್ನೊಂದು.

ಟ್ರಂಕ್‌ಪೋರ್ಟ್

ನೇಟಿವ್ ವಿಲ್ಯಾನ್ ಮಾತು ಬಂತಲ್ಲ, ಭದ್ರತೆಯ ಪಾಠದಲ್ಲಿ ಡಬಲ್ ಟ್ಯಾಗಿಂಗ್ ದಾಳಿ ಅಂತ ಓದಿದ್ದೆ. ಅದೂ ಇದೂ ಒಂದೇನಾ?

ಹಳೇಸ್ವಿಚ್

ಅಣ್ಣತಮ್ಮಂದಿರು. ಅಲ್ಲಿ ದಾಳಿಕೋರ ಹೊರಗಿನ ಟ್ಯಾಗ್ ಆಗಿ ಟ್ರಂಕ್‌ನ ನೇಟಿವ್ ವಿಲ್ಯಾನ್ ಸಂಖ್ಯೆಯನ್ನೇ ಹಾಕುತ್ತಾನೆ. ಮೊದಲ ಸ್ವಿಚ್ ನೇಟಿವ್ ಅಂತ ಅದನ್ನು ಕಿತ್ತು ಕಳಿಸುತ್ತದೆ, ಮುಂದಿನ ಸ್ವಿಚ್‌ಗೆ ಒಳಗಿನ ಟ್ಯಾಗ್ ಮಾತ್ರ ಕಾಣುತ್ತದೆ, ಫ್ರೇಮ್ ಬೇರೆಯವರ ವಿಲ್ಯಾನ್‌ಗೆ ಜಿಗಿಯುತ್ತದೆ. ಕ್ಯಾರಿಯರ್ ಜಾಲದಲ್ಲಿ ದಾಳಿಕೋರನೇ ಬೇಕಿಲ್ಲ. ಸೇವಾ ವಿಲ್ಯಾನ್ ಸಂಖ್ಯೆಯೂ ಟ್ರಂಕ್‌ನ ನೇಟಿವ್ ಸಂಖ್ಯೆಯೂ ಒಂದೇ ಆದರೆ ನಮ್ಮ ಕೈಯಾರೆ ಇದೇ ಅನಾಹುತ ಮಾಡಿಕೊಳ್ಳುತ್ತೇವೆ. ನೇಟಿವ್‌ಗೂ ಟ್ಯಾಗ್ ಹಾಕಿಸಿ, ಇಲ್ಲವೇ ಯಾರೂ ಬಳಸದ ಸಂಖ್ಯೆಯನ್ನು ನೇಟಿವ್ ಮಾಡಿ.

ರಾತ್ರಿಪಾಳಿ

ಸ್ವಿಚ್ ತಂಡದವರು ಆ ಮಾದರಿಯಲ್ಲಿ ಟಿಪಿಐಡಿ ಬದಲಾಯಿಸಲು ಬರೋದಿಲ್ಲ ಅಂದರು. ಆದ್ದರಿಂದ ನಾನು ಮೊದಲಿನ ಡಾಟ್1ಕ್ಯೂ ಸಾಲಿಗೇ ಮರಳಿದೆ, ಜುನಿಪರ್ ಕಡೆ 88ಎ8 ತೆಗೆದು "ಔಟರ್ 300" ಅಂತ ಮಾತ್ರ ಉಳಿಸಿದರು. ಈಗ ಎರಡೂ ಮ್ಯಾಕ್ 300ರಲ್ಲಿವೆ, ಪಿಂಗ್ ಬರುತ್ತಿದೆ. ಟ್ರಂಕ್‌ನಿಂದ ವಿಲ್ಯಾನ್ 1 ತೆಗೆಸಿದೆ, ಆದರೂ ಬರುತ್ತಿದೆ.

ಖುಷಿಯಿಂದ ಬಿಜಿಪಿ (ರೌಟರ್‌ಗಳು ರೂಟ್ ಹಂಚಿಕೊಳ್ಳುವ ಪ್ರೋಟೋಕಾಲ್) ಎಬ್ಬಿಸಿದೆ. ಎಸ್ಟಾಬ್ಲಿಶ್ಡ್ ಆಗುತ್ತದೆ, ಒಂದಿಷ್ಟು ಹೊತ್ತು ಇರುತ್ತದೆ, ಹೋಲ್ಡ್ ಟೈಮರ್ (ಆ ಕಡೆಯಿಂದ ಸುದ್ದಿಯಿಲ್ಲದೆ ಕಾಯುವ ಗಡುವು) ಮುಗಿಯಿತು ಅಂತ ಬೀಳುತ್ತದೆ, ಮತ್ತೆ ಏಳುತ್ತದೆ. ರೂಟ್ ಕಳಿಸದೆ ಖಾಲಿ ಸೆಷನ್ ಇಟ್ಟರೆ ಗಟ್ಟಿಯಾಗಿ ನಿಲ್ಲುತ್ತದೆ. ಇದು ಬೇರೆ ಸಮಸ್ಯೆಯಾ?

ಬೈಟ್‌ಲೆಕ್ಕ

ಖಾಲಿ ಇದ್ದರೆ ನಿಲ್ಲುತ್ತದೆ, ರೂಟ್ ಹರಿದರೆ ಬೀಳುತ್ತದೆ ಅಂದರೆ ಸಣ್ಣ ಪ್ಯಾಕೆಟ್ ದಾಟುತ್ತಿದೆ, ದೊಡ್ಡದು ಸಾಯುತ್ತಿದೆ. ದೊಡ್ಡ ಅಪ್‌ಡೇಟ್ ಒಂದು ಸಿಕ್ಕಿಬಿದ್ದರೆ ಟಿಸಿಪಿ ಅದನ್ನೇ ಮತ್ತೆ ಮತ್ತೆ ಕಳಿಸುತ್ತಾ ಕೂರುತ್ತದೆ, ಆಮೇಲಿನ ಕೀಪ್‌ಅಲೈವ್‌ಗಳು ("ನಾನು ಬದುಕಿದ್ದೇನೆ" ಅನ್ನುವ ಸಂದೇಶಗಳು) ಅದರ ಬೆನ್ನಿಗೆ ಸಾಲು ನಿಂತಿರುತ್ತವೆ. ಸಿಸ್ಕೋದ ಹೋಲ್ಡ್ ಟೈಮ್ ಸಹಜವಾಗಿ 180 ಸೆಕೆಂಡ್, ಜುನಿಪರ್‌ನದು 90. ಚಿಕ್ಕದೇ ಗೆಲ್ಲುತ್ತದೆ, ನಿಮ್ಮ ಸೆಷನ್ 90 ಸೆಕೆಂಡ್‌ಗೆ ಬೀಳುತ್ತಿರಬೇಕು.

ಡಿಎಫ್ ಬಿಟ್ (ಪ್ಯಾಕೆಟ್ ತುಂಡು ಮಾಡಬೇಡಿ ಅನ್ನುವ ಗುರುತು) ಹಾಕಿ ಪಿಂಗ್ ಮಾಡಿ. ಎಷ್ಟಕ್ಕೆ ನಿಲ್ಲುತ್ತದೆ ಅಂತ ನಿಖರ ಸಂಖ್ಯೆ ಬೇಕು, ಸುಮಾರು ಬೇಡ.

ರಾತ್ರಿಪಾಳಿ

ಹೌದು ಮೇಡಂ, ಸರಿಯಾಗಿ 90.

ಪಿಂಗ್ ಮಾಡಿದೆ. ನನ್ನ ಕಡೆಯಿಂದ 1496 ದಾಟುತ್ತದೆ, 1497 ಇಲ್ಲ. ಜುನಿಪರ್ ಕಡೆಯಿಂದ 1468 ದಾಟುತ್ತದೆ, 1469 ಇಲ್ಲ. ಅಂದರೆ ಒಂದು ದಿಕ್ಕಿನಲ್ಲಿ 28 ಬೈಟ್ ಹೆಚ್ಚು ತಿನ್ನುತ್ತಿದೆ. ಆ ಕಡೆಯವರ ಎಂಟಿಯು (ಒಮ್ಮೆಗೆ ದಾಟಬಲ್ಲ ಗರಿಷ್ಠ ಗಾತ್ರ) ತಪ್ಪಿದೆ ಅಂತ ಅನ್ನಿಸುತ್ತದೆ. ಆದರೆ ಮೂರೂ ಕಡೆ ನೋಡಿದೆ. ನನ್ನ ಸಬ್‌ಇಂಟರ್‌ಫೇಸ್ 1522, ಜುನಿಪರ್ ಇಂಟರ್‌ಫೇಸ್ 1522, ಸ್ವಿಚ್‌ನ ಗರಿಷ್ಠ ಫ್ರೇಮ್ 1522. ಒಂದೇ ಸಂಖ್ಯೆ!

ಹಳೇಸ್ವಿಚ್

ಬೈಟ್‌ಲೆಕ್ಕ ಮೇಡಂ, ಇದು ನಿಮ್ಮ ಹೆಸರಿಗೆ ಬರೆದಿಟ್ಟ ಪ್ರಶ್ನೆ. ನಾನು ಪಕ್ಕಕ್ಕೆ ಸರಿಯುತ್ತೇನೆ.

ಬೈಟ್‌ಲೆಕ್ಕ

:) ಮೊದಲು ಆ 28 ಬಿಡಿಸೋಣ. ಎಕ್ಸ್‌ಆರ್‌ನಲ್ಲಿ ಪಿಂಗ್ ಗಾತ್ರ ಅಂದರೆ ಐಪಿ ಹೆಡರ್ ಸೇರಿದ ಪೂರ್ತಿ ಪ್ಯಾಕೆಟ್. ಜುನಿಪರ್‌ನ ಜುನೋಸ್‌ನಲ್ಲಿ, ಲಿನಕ್ಸ್‌ನಲ್ಲೂ, ಅದು ಒಳಗಿನ ಡೇಟಾ ಮಾತ್ರ. ಅದರ ಮೇಲೆ ಐಸಿಎಂಪಿ 8, ಐಪಿ 20. 1468ಕ್ಕೆ 28 ಕೂಡಿಸಿ, 1496. ಎರಡೂ ದಿಕ್ಕಿನಲ್ಲಿ ಒಂದೇ ಮಿತಿ. ಆ ಕಡೆಯವರನ್ನು ಬೈದಿದ್ದರೆ ಒಂದು ಕ್ಷಮೆ ಕೇಳಿಬಿಡಿ.

ಇನ್ನು 1500 ಇರಬೇಕಾದಲ್ಲಿ 1496. ಕೊರತೆ ಸರಿಯಾಗಿ 4. ಈ 4 ಕಂಡಾಗಲೆಲ್ಲ ನನಗೆ ಇಬ್ಬರ ಮೇಲೆ ಅನುಮಾನ: ಒಂದು ಟ್ಯಾಗ್, ಇಲ್ಲವೇ ಫ್ರೇಮ್‌ನ ಬಾಲದಲ್ಲಿರುವ, ದೋಷ ಪತ್ತೆಗೆ ಬಳಸುವ ಎಫ್‌ಸಿಎಸ್. ಎರಡೂ 4 ಬೈಟ್.

ವೈರ್ ಮೇಲೆ ಲೆಕ್ಕ ಹಾಕಿ. ಈಥರ್ನೆಟ್ ಹೆಡರ್ 14, ಎರಡು ಟ್ಯಾಗ್‌ಗೆ 8, ಪ್ಯಾಕೆಟ್ 1500, ಎಫ್‌ಸಿಎಸ್ 4. ಒಟ್ಟು 1526. ರೌಟರ್‌ಗಳೆರಡೂ ತೋರಿಸುವ 1522ರಲ್ಲಿ ಎಫ್‌ಸಿಎಸ್ ಸೇರಿಲ್ಲ: 14, 8, 1500. ಅಂದರೆ ರೌಟರ್ 1522 ಅಂದರೆ ವೈರ್ ಮೇಲೆ 1526.

ಸ್ವಿಚ್ ಹೇಳುವ 1522 ಬೇರೆ. ಅದು ಟ್ಯಾಗ್ ಇಲ್ಲದ 1518ಕ್ಕೆ ಒಂದು ಟ್ಯಾಗ್ ಸೇರಿಸಿದ ಹಳೆಯ ಗರಿಷ್ಠ ಫ್ರೇಮ್, ಎಫ್‌ಸಿಎಸ್ ಒಳಗೊಂಡೇ. ಎರಡನೇ ಟ್ಯಾಗ್‌ಗೆ ಅಲ್ಲಿ ಜಾಗವೇ ಇಲ್ಲ. 1522ರಿಂದ 4, 8, 14 ಕಳೆಯಿರಿ, ಉಳಿಯುವುದು 1496. ನಿಮ್ಮ ಪಿಂಗ್ ಹೇಳಿದ್ದೂ ಅದನ್ನೇ.

ಎರಡನೇ ಮಟ್ಟದಲ್ಲಿ (ಲೇಯರ್ 2, ಸ್ವಿಚ್‌ಗಳ ಮಟ್ಟ) ಫ್ರೇಮ್ ಸತ್ತರೆ "ದೊಡ್ಡದಾಯಿತು" ಅಂತ ಐಸಿಎಂಪಿ ಕಳಿಸುವವರು ಯಾರೂ ಇರೋದಿಲ್ಲ, ಆದ್ದರಿಂದ ಟಿಸಿಪಿ ತಾನಾಗಿ ಚಿಕ್ಕದಾಗೋದಿಲ್ಲ. ಸ್ವಿಚ್ ಪೋರ್ಟ್‌ನಲ್ಲಿ ಜೈಂಟ್ಸ್ ಅಥವಾ ಓವರ್‌ಸೈಜ್ ಕೌಂಟರ್ ನೋಡಿ, ಏರಿರಬೇಕು.

ರಾತ್ರಿಪಾಳಿ

ಏರಿದೆ. ಸಾವಿರಗಟ್ಟಲೆ. ಮೂರು ದಿನದಿಂದ ಅದೇ ಪರದೆಯಲ್ಲಿ ಸಿಆರ್‌ಸಿ ಸಾಲನ್ನಷ್ಟೇ ನೋಡುತ್ತಿದ್ದೆ, ಕೆಳಗಿನ ಸಾಲು ಓದಲೇ ಇಲ್ಲ.

ಸದ್ಯಕ್ಕೆ ನನ್ನ ಕಡೆ ಎಂಟಿಯು ಇಳಿಸಿಬಿಡಲಾ?

ಹಳೇಸ್ವಿಚ್

ಇಳಿಸಿದರೆ ಎರಡೂ ಕಡೆ ಐಪಿ ಎಂಟಿಯು 1496 ಮಾಡಿ. ಒಂದೇ ಕಡೆ ಮಾಡಿ ಬಿಟ್ಟರೆ, ಮುಂದೆ ಯಾರಾದರೂ ಇದರ ಮೇಲೆ ಒಎಸ್‌ಪಿಎಫ್ (ಇನ್ನೊಂದು ರೂಟಿಂಗ್ ಪ್ರೋಟೋಕಾಲ್) ಓಡಿಸಿದ ದಿನ ಅದು ಎಕ್ಸ್‌ಸ್ಟಾರ್ಟ್ ಹಂತದಲ್ಲೇ ಕೂತು ಬಿಡುತ್ತದೆ, ಎಂಟಿಯು ಹೊಂದುತ್ತಿಲ್ಲ ಅಂತ. ಆದರೆ ಇದು ಬ್ಯಾಂಡೇಜ್. ನಿಮ್ಮ ಗ್ರಾಹಕ 1500 ಕೇಳಿಯೇ ಕೇಳುತ್ತಾನೆ. ಸ್ವಿಚ್‌ನಲ್ಲಿ ಜಂಬೋ (ದೊಡ್ಡ ಫ್ರೇಮ್‌ಗೆ ಅನುಮತಿ) ಮಾಡಿಸಿ. ಕೆಲವು ಹಳೆಯ ಸ್ವಿಚ್‌ಗಳಲ್ಲಿ ಅದು ಇಡೀ ಪೆಟ್ಟಿಗೆಗೆ ಒಂದೇ ಸಂಖ್ಯೆ, ರೀಲೋಡ್ ಆಗುವವರೆಗೆ ಜಾರಿಗೆ ಬರೋದಿಲ್ಲ. ಮುಂಚೆಯೇ ಕೇಳಿಕೊಳ್ಳಿ.

ಟ್ರಂಕ್‌ಪೋರ್ಟ್

ಇನ್ನೊಂದು ಪ್ರಶ್ನೆ, ಬೈಯಬೇಡಿ. ನಮ್ಮಲ್ಲಿ ಬ್ರಾಡ್‌ಬ್ಯಾಂಡ್ ರೌಟರ್‌ನಲ್ಲಿ "ಸೆಕೆಂಡ್-ಡಾಟ್1ಕ್ಯೂ ಎನಿ" ಅಂತ ಇದೆ. ಒಳಗಿನದು ಯಾವುದಾದರೂ ಆಗಬಹುದು ಅಂತಾದರೆ ಎಲ್ಲ ಕಡೆ ಹಾಗೇ ಬರೆದು ಬಿಡಬಹುದಲ್ಲ? ಕೆಲಸ ಕಡಿಮೆ.

ಪೆಂಗ್ವಿನ್

ಅಲ್ಲಿ ಹೊರಗಿನ ಟ್ಯಾಗ್ ಒಂದು ಓಎಲ್‌ಟಿ ಅಥವಾ ಡಿಎಸ್‌ಲ್ಯಾಮ್‌ನದು (ಹಲವು ಮನೆಗಳ ಲಿಂಕ್ ಒಟ್ಟುಗೂಡಿಸುವ ಪೆಟ್ಟಿಗೆ), ಒಳಗಿನದು ಒಬ್ಬೊಬ್ಬ ಚಂದಾದಾರನದು. ಸಾವಿರಾರು ಸಬ್‌ಇಂಟರ್‌ಫೇಸ್ ಕೈಯಲ್ಲಿ ಬರೆಯೋದು ಯಾರಿಂದಲೂ ಆಗದು. ಪಿಪಿಪಿಒಇ (ಬ್ರಾಡ್‌ಬ್ಯಾಂಡ್ ಲಾಗಿನ್) ಸೆಷನ್ ಬಂದಾಗ ರೌಟರ್ ಆ ಚಂದಾದಾರನ ಒಳ ಟ್ಯಾಗ್ ಯಾವುದು ಅಂತ ಕಲಿತುಕೊಳ್ಳುತ್ತದೆ. ನೇರ ಐಪಿ ಇಟ್ಟ ಸಬ್‌ಇಂಟರ್‌ಫೇಸ್‌ನಲ್ಲಿ "ಎನಿ" ಅಂದರೆ ರೌಟರ್ ತಾನಾಗಿ ಒಂದು ಎಆರ್‌ಪಿ ಕೇಳಬೇಕಾದಾಗ ಯಾವ ಒಳ ಟ್ಯಾಗ್ ಹಾಕಬೇಕು? 4094 ಪ್ರತಿ ಕಳಿಸಬೇಕಾ? ಪಾಯಿಂಟ್-ಟು-ಪಾಯಿಂಟ್ ಲಿಂಕ್‌ಗೆ ಎರಡೂ ಸಂಖ್ಯೆ ನಿಖರವಾಗಿ ಬರೆಯಿರಿ.

ಹುವಾವೆ ಬಳಸುವವರಿಗೆ ಸೇರಿಸುತ್ತೇನೆ. ಅಲ್ಲಿ "ಕ್ಯೂಇನ್‌ಕ್ಯೂ ಟರ್ಮಿನೇಶನ್ ಪಿಇ-ವಿಐಡಿ 300 ಸಿಇ-ವಿಐಡಿ 45" ಬರೆದ ಮೇಲೆ "ಎಆರ್‌ಪಿ ಬ್ರಾಡ್‌ಕಾಸ್ಟ್ ಎನೇಬಲ್" ಮರೆಯಬೇಡಿ. ಮರೆತರೆ ಇದೇ ಶೀರ್ಷಿಕೆಯಲ್ಲಿ ಇನ್ನೊಂದು ಚರ್ಚೆ ತೆರೆಯುತ್ತೀರಿ.

ನಿಯಮಪಾಲಕ

ಐಪಿ ಕೊಡದೆ ಎರಡನೇ ಮಟ್ಟದಲ್ಲೇ ಸಾಗಿಸುವವರಿಗೆ ಒಂದು ಮಾತು. ಎಕ್ಸ್‌ಆರ್‌ನ ಎಲ್2ಟ್ರಾನ್ಸ್‌ಪೋರ್ಟ್ ಸಬ್‌ಇಂಟರ್‌ಫೇಸ್‌ನಲ್ಲಿ "ರೀರೈಟ್ ಇಂಗ್ರೆಸ್ ಟ್ಯಾಗ್ ಪಾಪ್ 1 ಸಿಮೆಟ್ರಿಕ್" ಅಂದರೆ ಹೊರಗಿನದು ಮಾತ್ರ ಕಳಚುತ್ತದೆ, ಗ್ರಾಹಕನ ಟ್ಯಾಗ್ ಉಳಿಯುತ್ತದೆ. "ಪಾಪ್ 2" ಅಂದರೆ ಎರಡೂ ಹೋಗುತ್ತವೆ. ಈ ತುದಿಯಲ್ಲಿ 1, ಆ ತುದಿಯಲ್ಲಿ 2 ಆದರೆ ಸೂಡೊವೈರ್ (ಎರಡು ತುದಿ ಜೋಡಿಸುವ ಕಾಲ್ಪನಿಕ ತಂತಿ) ಅಪ್ ಇರುತ್ತದೆ, ಗ್ರಾಹಕನಿಗೆ ಏನೂ ತಲುಪೋದಿಲ್ಲ.

ಗ್ರಾಹಕನ ಸ್ಪ್ಯಾನಿಂಗ್ ಟ್ರೀ (ಜಾಲದಲ್ಲಿ ಲೂಪ್ ತಡೆಯುವ ವ್ಯವಸ್ಥೆ) ಬಗ್ಗೆ ಕೂಡ ಮೊದಲೇ ಮಾತಾಡಿಕೊಳ್ಳಿ. ಅದರ ಸಂದೇಶ, ಬಿಪಿಡಿಯು, 01-80-ಸಿ2-00-00-00ಕ್ಕೆ ಹೋಗುತ್ತದೆ. ಸಾಮಾನ್ಯ ಸ್ವಿಚ್ ಅದನ್ನು ತನಗೇ ಬಂದದ್ದು ಅಂತ ನುಂಗಿಬಿಡುತ್ತದೆ. ಪ್ರೊವೈಡರ್ ಬ್ರಿಡ್ಜ್‌ಗಳಿಗೆ 802.1ಎಡಿ ಕೊನೆಗೆ 08 ಇರುವ ಬೇರೆ ವಿಳಾಸ ಕೊಟ್ಟದ್ದು ಇದೇ ಕಾರಣಕ್ಕೆ.

ರಾತ್ರಿಪಾಳಿ

ನಿನ್ನೆ ರಾತ್ರಿ 2 ಗಂಟೆಗೆ ಸ್ವಿಚ್ ತಂಡದವರು 9216 ಹಾಕಿ ರೀಲೋಡ್ ಮಾಡಿದರು. ಹಳೇಸ್ವಿಚ್ ಸರ್ ಹೇಳಿದ ಹಾಗೇ ರೀಲೋಡ್ ಬೇಕೇ ಬೇಕಾಯಿತು. ಈಗ ನನ್ನ ಕಡೆಯಿಂದ 1500, ಅವರ ಕಡೆಯಿಂದ 1472, ಎರಡೂ ಡಿಎಫ್ ಹಾಕಿಯೇ ದಾಟುತ್ತಿವೆ. ಬಿಜಿಪಿ ಆರು ಗಂಟೆಯಿಂದ ಅಲುಗಾಡಿಲ್ಲ, ಎಲ್ಲ ರೂಟ್ ಬಂದಿವೆ. ಜೈಂಟ್ಸ್ ಕೌಂಟರ್ ಸೊನ್ನೆ.

ಜುನಿಪರ್ ಕಡೆಯವರಿಗೆ ಕ್ಷಮೆ ಕೇಳಿದೆ. "ನೀವು ನಮ್ಮನ್ನು ಬೈದದ್ದೇ ನಮಗೆ ಗೊತ್ತಿರಲಿಲ್ಲ" ಅಂದರು.

ಬೈಟ್‌ಲೆಕ್ಕ

ಒಳ್ಳೆಯದಾಯಿತು. ಕ್ಯಾಪ್ಚರ್ ಡಬ್ಬಿ ಇನ್ನೂ ಹಚ್ಚಿದ್ದರೆ ಬಿಚ್ಚುವ ಮುಂಚೆ ಹೊರಗಿನ ಟ್ಯಾಗ್‌ನ ಆದ್ಯತೆ ಬಿಟ್ ನೋಡಿ. ಸ್ವಿಚ್ ಕ್ಯೂ ಆರಿಸುವುದು ಹೊರಗಿನ ಪಿಸಿಪಿ (ಅದೇ ಆದ್ಯತೆ ಬಿಟ್) ನೋಡಿ, ಒಳಗೆ 5 ಇದ್ದರೂ ಹೊರಗೆ 0 ಇದ್ದರೆ ಧ್ವನಿ ಕರೆಯೂ ಬ್ಯಾಕಪ್ ಫೈಲೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ರಾತ್ರಿಪಾಳಿ

ನೋಡಿದೆ ಮೇಡಂ. ಒಳಗೆ 5, ಹೊರಗೆ 0.

ಕ್ಯೂಒಎಸ್ ಪಾಲಿಸಿ ಬರೆದುಕೊಂಡು ನಾಳೆ ಬೇರೆ ಚರ್ಚೆ ತೆರೆಯುತ್ತೇನೆ. ಇವತ್ತು ಮಲಗುತ್ತೇನೆ.